ಪಿಸ್ತೂಲಿಗೂ ‘ಆ’ ಅನ್ನಿಸಿದ ಭಾವ

ನನ್ನ ಭಾವ ಪಿಸ್ತೂಲುಗಳಿಗೆ ‘ಆ’ ಅನ್ನಿಸುತ್ತಾರೆ. ತಮಾಷೆಗಲ್ಲ. ಎಷ್ಟೇ ದೊಡ್ಡ ಮನುಷ್ಯರಾಗಲಿ, ಶೂಟಿಂಗ್ ಕ್ಲಬ್ಬಿನ ಆ ಕಿರುಕೋಣೆಗೆ ಬಂದು ತಮ್ಮ ಆಯುಧವನ್ನು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟ ಕೂಡಲೇ ಭಾವ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಲ್ಲವನ್ನು ತುಸು ಮೇಲಕ್ಕೆತ್ತಿ, “ಎಲ್ಲಿ, ಆ ಅನ್ನಿಸಿ” ಎನ್ನುತ್ತಾರೆ. ಒಡೆಯರು ತಮ್ಮ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ತೋರಿಸಬೇಕು. ಭಾವ ಟಾರ್ಚು ಬಿಟ್ಟು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗಿ ಆ ಕಪ್ಪು ಗಂಟಲನ್ನು ಪರೀಕ್ಷಿಸಿ, “ಹ್ಞಾಂ, ಚೊಕ್ಕಟ ಬಾಯಿ” ಎಂದು ಸರ್ಟಿಫಿಕೇಟು ಕೊಟ್ಟ ಮೇಲೆಯೇ ಕುರ್ಚಿ ಮತ್ತೆ ಮುಂದೆ ಬರುವುದು. ಕೆಲಸ ಮುಗಿದ ಮೇಲೆ ಪಿಸ್ತೂಲನ್ನು ಒಡೆಯರ ಕೈಗಿಡುತ್ತ ಇನ್ನೊಂದು ಪ್ರಶ್ನೆ ಕೇಳುತ್ತಾರೆ: “ನೋಯ್ತಾ?” ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ “ಇಲ್ಲ” ಎನ್ನುತ್ತಾರೆ. ಭಾವನಿಗೆ ಅಷ್ಟು ಸಾಕು.

ಇದಕ್ಕೆಲ್ಲ ಮೂಲ ಅವರ ಪೂರ್ವಾಶ್ರಮದಲ್ಲಿದೆ. ಭಾವ ಉದ್ಯೋಗದಲ್ಲಿದ್ದಷ್ಟು ಕಾಲವೂ ಕಟ್ಟುಹಲ್ಲು ಮಾಡುತ್ತಿದ್ದವರು. ದಂತವೈದ್ಯರಲ್ಲ, ದಂತವೈದ್ಯರು ಕಿತ್ತ ಮೇಲೆ ಉಳಿಯುವ ಶೂನ್ಯವನ್ನು ತುಂಬುವವರು. ಆಸ್ಪತ್ರೆಯ ಹಿಂಭಾಗದ ಕೋಣೆಯೊಂದರಲ್ಲಿ ಮೇಣ, ಸ್ಪಿರಿಟ್ ದೀಪ, ಚಿಮುಟ, ಪುಟ್ಟ ಪುಟ್ಟ ಅರಗಳ ನಡುವೆ ಕುಳಿತು ಅವರು ಸೃಷ್ಟಿಸಿದ ದಂತಪಂಕ್ತಿಗಳಿಗೆ ಲೆಕ್ಕವಿಲ್ಲ. ಊರಿನ ಅರ್ಧದಷ್ಟು ಹಿರಿಯರು ಭಾವನ ಹಲ್ಲಿನಿಂದಲೇ ನಕ್ಕರು. ಅದೇ ಹಲ್ಲಿನಿಂದಲೇ ಸೊಸೆಯಂದಿರ ಮೇಲೆ ಹಲ್ಲು ಕಡಿದರು. ಕ್ಲಬ್ಬಿನವರು ಅವರನ್ನು ‘ಡಾಕ್ಟ್ರೇ’ ಎಂದು ಕರೆಯತೊಡಗಿದಾಗ, ಸತ್ಯಸಂಧರಾದ ಭಾವ ತಾವು ಡಾಕ್ಟರಲ್ಲವೆಂದು ಒಮ್ಮೆ ಹೇಳಿಯೇ ಹೇಳಿದರು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಹೇಳಿದರು ಎಂಬುದು ಬೇರೆ ಮಾತು.

ಅವರ ನಡಿಗೆಯನ್ನು ಒಮ್ಮೆ ನೋಡಿದವರು ಮರೆಯಲಾರರು. ಎಡಗೈಯನ್ನು ಬಟ್ಟಲಿನಂತೆ ಬಾಗಿಸಿ ಎದೆಯ ಮುಂದೆ ಹಿಡಿದು, ಮೈಯನ್ನು ಓರೆ ಮಾಡಿ, ಗಾಳಿ ಬೀಸುವ ದಿಕ್ಕಿಗೆ ಭುಜ ಕೊಟ್ಟು ನಡೆಯುತ್ತಾರೆ. ದಶಕಗಳ ಕಾಲ ದೀಪದ ಜ್ವಾಲೆಗೆ ಮರೆಯಾಗಿದ್ದ ಆ ಅಂಗೈ, ಮುಂದೆ ದೀಪವಿಲ್ಲದಿದ್ದರೂ ತನ್ನ ಕಾವಲು ಬಿಟ್ಟಿಲ್ಲ. ಬೀದಿಯ ನಾಯಿಗಳಿಗೆ ಈ ಸೂಕ್ಷ್ಮ ತಿಳಿಯದು. ಆ ಬಟ್ಟಲಿನಲ್ಲಿ ತಿನ್ನುವಂಥದ್ದು ಏನೋ ಇದೆಯೆಂದು ಬಗೆದು ಅವು ಭಾವನ ಹಿಂದೆ ಮೆರವಣಿಗೆ ಹೊರಡುತ್ತವೆ. ಆನೆ ಕುದುರೆ ರಥಗಳನ್ನೆಲ್ಲ ಕಳೆದುಕೊಂಡು ಉಳಿದ ಕಾಲಾಳುಗಳೊಡನೆ ದಂಡಯಾತ್ರೆಗೆ ಹೊರಟ ಚಕ್ರವರ್ತಿಯಂತೆ ಭಾವ ಹಿಂದಿರುಗಿ ನೋಡದೆ ಕ್ಲಬ್ಬಿನ ಗೇಟಿನ ತನಕ ಬರುತ್ತಾರೆ. ಸೈನ್ಯವನ್ನು ಅಲ್ಲಿ ಕಾವಲುಗಾರ ತಡೆಯುತ್ತಾನೆ.

ಕೋಟಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಆಸ್ಪತ್ರೆಯ ಕಾಲದ ಉದ್ದನೆಯ ಕೋಟು ಅದು, ಹುಟ್ಟಿದಾಗ ಬಿಳಿಯದು. ಬಲತೋಳಿನ ಅಂಚು ಸುಟ್ಟು ಕಂದಿದೆ, ಕೆಳಗಿನ ಗುಂಡಿಯ ಜಾಗದಲ್ಲಿ ಸೇಫ್ಟಿ ಪಿನ್ನಿದೆ. ಅದರ ಎದೆಯ ಜೇಬಿನಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕಡ್ಡಿಗಳು, ಸೂಜಿಗಿಂತ ತುಸು ದಪ್ಪ, ಬೆರಳುದ್ದ, ಸಾಲಾಗಿ ನಿಂತಿರುತ್ತವೆ. ಈ ಕಡ್ಡಿಗಳ ಗುಣವೇ ವಿಚಿತ್ರ: ಮೈಮೇಲೆ ಬಿದ್ದ ಬೆಳಕನ್ನೆಲ್ಲ ಹೀರಿಕೊಂಡು ತುದಿಯಲ್ಲಿ ಮಾತ್ರ ಉಗುಳುತ್ತವೆ. ಹೀಗಾಗಿ ಭಾವ ಬಿಸಿಲಿಗೆ ಬಂದರೆ ಅವರ ಎದೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳು ಝಗ್ಗನೆ ಹೊತ್ತಿಕೊಳ್ಳುತ್ತವೆ. ಯುದ್ಧಕ್ಕೇ ಹೋಗದೆ ಪದಕಗಳನ್ನೆಲ್ಲ ಬಾಚಿಕೊಂಡ ಸೇನಾಪತಿ! “ಎದೆಗೆ ಬಲ್ಬು ಹಾಕ್ಕೊಂಡು ಹೊರಟ್ರಾ?” ಎಂದು ಅಕ್ಕ ದಿನವೂ ಕೇಳುತ್ತಾಳೆ. ಭಾವ ದಿನವೂ ಜೇಬನ್ನು ಸರಿಪಡಿಸಿಕೊಳ್ಳುತ್ತಾರೆ. ಇನ್ನಷ್ಟು ಕಾಣುವ ಹಾಗೆ.

ಈ ಕಡ್ಡಿಗಳೇ ಈಗ ಅವರ ಉದ್ಯೋಗ. ಪಿಸ್ತೂಲಿನ ಮೂತಿಯ ಮೇಲೆ ಗುರಿ ಹಿಡಿಯಲೆಂದು ಲೋಹದ ಪುಟ್ಟದೊಂದು ದಿಣ್ಣೆ ಇರುತ್ತದೆ, ಸೈಟ್ ಎನ್ನುತ್ತಾರೆ. ಅದರಲ್ಲೊಂದು ಸಣ್ಣ ಕೊರಕಲು, ಕೊರಕಲಿನಲ್ಲಿ ಈ ಫೈಬರ್ ಕಡ್ಡಿಯ ತುಂಡು. ಹಿಂದಿನಿಂದ ನೋಡುವವರ ಕಣ್ಣಿಗೆ ಅದು ಹೊಳೆಯುವ ಒಂದು ಚುಕ್ಕೆ. ಬ್ಯಾಟರಿಯಿಲ್ಲ, ತಂತಿಯಿಲ್ಲ, ಆಕಾಶದ ಬೆಳಕು ಸಾಕು. ಆದರೆ ಕಡ್ಡಿ ಎಷ್ಟಾದರೂ ಕಡ್ಡಿಯೇ. ಪೆಟ್ಟು ತಿಂದರೆ ಮುರಿಯುತ್ತದೆ, ಪಿಸ್ತೂಲು ತೊಳೆಯುವ ದ್ರಾವಣ ತಾಗಿದರೆ ಮಂಕಾಗುತ್ತದೆ, ಒಂದು ದಿನ ಹೇಳದೆ ಕೇಳದೆ ಉದುರಿಹೋಗುತ್ತದೆ. ಆಗ ಹೊಸದನ್ನು ಕೂರಿಸಬೇಕು.

ಅಕ್ಕನ ಪಿಸ್ತೂಲಿನಿಂದಲೇ ಇದೆಲ್ಲ ಶುರುವಾದದ್ದು. ಹೌದು, ಪಿಸ್ತೂಲು ಅಕ್ಕನದು. ನನ್ನಕ್ಕ ನಿವೃತ್ತಳಾಗುವವರೆಗೆ ಗ್ರಂಥಾಲಯದಲ್ಲಿದ್ದವಳು. ಬೆರಳನ್ನು ತುಟಿಯ ಮೇಲಿಟ್ಟುಕೊಂಡೇ ಪ್ರಾಯ ಕಳೆದವಳು. ಅವಳ ‘ಶ್!’ಗೆ ಹೆದರಿ ಕೆಮ್ಮು ನುಂಗಿದ ಓದುಗರು ಎಷ್ಟೋ. ನಿವೃತ್ತಿಯ ಮರುವಾರ ಶೂಟಿಂಗ್ ಕ್ಲಬ್ಬಿಗೆ ಸೇರಿ ಬಂದು, “ಇಷ್ಟು ವರ್ಷ ಸದ್ದು ಮಾಡಬೇಡಿ ಸದ್ದು ಮಾಡಬೇಡಿ ಅಂದೆ. ಈಗ ನಾನು ಮಾಡ್ತೀನಿ” ಎಂದಳು. ಒಂದು ದಿನ ಅವಳ ಕಡ್ಡಿ ಉದುರಿತು. ಕಂಪನಿಗೆ ಕಳಿಸಿದರೆ ಯಾವಾಗ ಬರುತ್ತದೋ ದೇವರೇ ಬಲ್ಲ ಎಂದರು ಕ್ಲಬ್ಬಿನವರು. ಅಕ್ಕ ಊಟದ ಮೇಜಿನ ಮುಂದೆ ಮುಖ ಊದಿಸಿಕೊಂಡು ಕುಳಿತಳು. ಭಾವ ಅಟ್ಟದಿಂದ ಸ್ಪಿರಿಟ್ ದೀಪ ಇಳಿಸಿದರು. ಆ ಸಂಜೆ ಕೂರಿಸಿದ ಹಸಿರು ಚುಕ್ಕೆ ಮರುದಿನ ಕ್ಲಬ್ಬಿನಲ್ಲಿ ಕಂಡವರ ಕಣ್ಣು ಕುಕ್ಕಿತು. ಒಬ್ಬರಾದ ಮೇಲೊಬ್ಬರು ಬಂದರು. ಕೊನೆಗೆ ಹಳೆಯ ಬೂಟುಗಳನ್ನು ಪೇರಿಸಿಡುತ್ತಿದ್ದ ಕೋಣೆಯನ್ನು ತೆರವು ಮಾಡಿ ಭಾವನಿಗೆ ಕೊಟ್ಟರು. ಹೀಗೆ ಒಂದು ಸಾಮ್ರಾಜ್ಯ ಸ್ಥಾಪನೆಯಾಯಿತು.

ಸಾಮ್ರಾಜ್ಯದ ಮೊದಲ ಶಾಸನ: ಫ್ಯಾನ್ ಹಾಕಕೂಡದು. ಜ್ವಾಲೆ ಅಲ್ಲಾಡಬಾರದಲ್ಲ! ನಡು ಬೇಸಗೆಯಲ್ಲೂ ಆ ಕೋಣೆಯ ಫ್ಯಾನಿನ ರೆಕ್ಕೆಗಳ ಮೇಲೆ ಜೇಡ ನೆಮ್ಮದಿಯಾಗಿ ಸಂಸಾರ ಮಾಡಿಕೊಂಡಿದೆ. ಕಾಯುವವರು ಬೆವರುತ್ತ ಕಾಯಬೇಕು. ಯಾರಾದರೂ ದಿನಪತ್ರಿಕೆಯಿಂದ ಗಾಳಿ ಬೀಸಿಕೊಂಡರೆ ಭಾವ ತಲೆಯೆತ್ತದೆ, “ಆ ಪೇಪರ್ ಓದೋಕೆ ಸ್ವಾಮಿ” ಎನ್ನುತ್ತಾರೆ.

ಕೆಲಸವೇನು ದೊಡ್ಡದಲ್ಲ. ಕಡ್ಡಿಯನ್ನು ಕೊರಕಲಿಗಿಂತ ಕೂದಲೆಳೆ ಉದ್ದಕ್ಕೆ ಕತ್ತರಿಸಬೇಕು, ಒಂದು ತುದಿಗೆ ಬೆಂಕಿಯ ಕಾವು ಕೊಡಬೇಕು. ತುದಿ ಉಬ್ಬಿ ಪುಟ್ಟ ಅಣಬೆಯಾಗುತ್ತದೆ. ಇನ್ನೊಂದು ತುದಿಯನ್ನು ಕೊರಕಲಲ್ಲಿ ತೂರಿಸಿ ಆಚೆ ಕಡೆಯೂ ಹಾಗೆಯೇ ಅಣಬೆ ಕಟ್ಟಬೇಕು. ಎರಡು ಅಣಬೆಗಳ ನಡುವೆ ಕಡ್ಡಿ ಸಿಕ್ಕಿಕೊಂಡು ಕೂರುತ್ತದೆ. ಇಷ್ಟೇ. ಆದರೆ ಬೆಂಕಿ ಕಡ್ಡಿಯನ್ನು ಮುಟ್ಟಬಾರದು. ಮುಟ್ಟಿದರೆ ತುದಿ ಕಪ್ಪಾಗುತ್ತದೆ, ಕಪ್ಪಾದರೆ ಹೊಳೆಯುವುದಿಲ್ಲ. “ಹೊಸ ಅಳಿಯ ಅತ್ತೆಗೆ ಮುಖ ತೋರಿಸೋದಿಲ್ವೇ, ಹಾಗೆ” ಎಂದು ಭಾವ ನನಗೆ ವಿವರಿಸಿದ್ದರು. “ಇದ್ದಾನೆ ಅಂತ ಗೊತ್ತಾಗಬೇಕು. ಹತ್ತಿರ ಹೋಗಬಾರದು.” ಹತ್ತಿರ ಹೋಗದೆ ಗೊತ್ತುಪಡಿಸುವ ಆ ಅಂತರವನ್ನು ಅವರು ಉಸಿರು ಬಿಗಿಹಿಡಿದು, ಎಡ ಅಂಗೈ ಮರೆಮಾಡಿ, ಬಲಗೈಯ ಕಿರುಬೆರಳನ್ನು ಮೇಜಿಗೆ ಊರಿ ಸಾಧಿಸುವುದನ್ನು ನೋಡಬೇಕು. ಮುಗಿದ ಮೇಲೆ ಉಸಿರು ಬಿಟ್ಟು, ಕನ್ನಡಕವನ್ನು ಹಣೆಗೇರಿಸಿ, ರೋಗಿಯ ಕಡೆಯವರಿಗೆ ಪಥ್ಯ ಹೇಳುತ್ತಾರೆ: “ಇವತ್ತೊಂದು ದಿನ ದ್ರಾವಣ ಮುಟ್ಟಿಸಬೇಡಿ. ಆ ಕಡೆಯಿಂದ ಗಟ್ಟಿ ಏನೂ ತಾಗಿಸಬೇಡಿ.”

ವಿನಯವೆಂಬ ಗುಣ ಭಾವನಲ್ಲಿಲ್ಲ. “ನಾನು ಕೂರಿಸಿದ ಕಡ್ಡಿ ಬಿದ್ದ ಚರಿತ್ರೆಯೇ ಇಲ್ಲ” ಎಂಬುದನ್ನು ಅವರು ಹೇಳದ ದಿನವಿಲ್ಲ. ಹೇಳದೆ ಇದ್ದರೆ ಊಟ ಸೇರುವುದಿಲ್ಲವೆಂದು ಅಕ್ಕನ ಅಂಬೋಣ. ಚರಿತ್ರೆಯೂ ಅವರ ಪಕ್ಷವೇ ಇತ್ತು. ಪಿಸ್ತೂಲುಗಳು ಹಳತಾದವು, ಒಡೆಯರು ಹಳಬರಾದರು, ಕ್ಲಬ್ಬಿನ ಗೋಡೆಯ ಸುಣ್ಣ ಉದುರಿತು. ಭಾವನ ಕಡ್ಡಿ ಉದುರಲಿಲ್ಲ.

ಒಮ್ಮೆ ಕ್ಲಬ್ಬಿನ ಕರ್ನಲ್ ಬಂದರು. ಮೀಸೆಯ ಎರಡು ತುದಿಗಳಲ್ಲಿ ಎರಡು ನಿಂಬೆಹಣ್ಣು ನಿಲ್ಲಿಸಬಹುದಾದಂಥ ಮನುಷ್ಯ. ವಾರ್ಷಿಕ ಫಲಕವನ್ನು ಗೆದ್ದು ಗೆದ್ದು ಬೇಸರಗೊಂಡವರಂತೆ ನಟಿಸುವವರು. ಪಿಸ್ತೂಲನ್ನು ಮೇಜಿನ ಮೇಲೆ ಟಪ್ಪೆಂದು ಇಟ್ಟರು. ಭಾವನ ಕುರ್ಚಿ ಹಿಂದೆ ಹೋಯಿತು.

“ಆ ಅನ್ನಿಸಿ.”

“ಖಾಲಿ ಇದೆ ಕಣ್ರೀ.”

“ಇರಬಹುದು. ಆ ಅನ್ನಿಸಿ.”

“ನಾನು ಕರ್ನಲ್ ಕಣ್ರೀ! ನಾನೇ ಹೇಳ್ತಾ ಇದೀನಿ ಖಾಲಿ ಅಂತ.”

“ನೀವು ಖಾಲಿಯೋ ತುಂಬಿದೀರೋ ನನಗೆ ಬೇಡ ಸಾರ್. ಇದು ಬಾಯಿ ತೆಗೀಲಿ.”

ಮೀಸೆ ನಡುಗಿತು. ಕಾಯುತ್ತಿದ್ದವರು ಬೆವರುವುದನ್ನೂ ನಿಲ್ಲಿಸಿ ನೋಡಿದರು. ಕೊನೆಗೆ ಕರ್ನಲ್ ಎಳೆದು ತೋರಿಸಿದರು. ಖಾಲಿಯೇ ಇತ್ತು. ಭಾವನಿಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ. “ಎಷ್ಟು ಒಳ್ಳೇ ಬಾಯಿ! ಇದನ್ನ ತೋರಿಸೋಕೆ ಇಷ್ಟು ಸಂಕೋಚವೇ?” ಎಂದು ಮುಂದೆ ಸರಿದರು. ಅಂದಿನಿಂದ ಕರ್ನಲ್ ಬಾಗಿಲಿನಲ್ಲೇ ಪಿಸ್ತೂಲಿನ ಬಾಯಿ ತೆರೆದು ಹಿಡಿದುಕೊಂಡು ಒಳಗೆ ಬರುತ್ತಾರೆ. ಡಾಕ್ಟರ ಮುಂದೆ ನಾಲಿಗೆ ಚಾಚಿಕೊಂಡೇ ಬರುವ ರೋಗಿಯ ಹಾಗೆ.

ಇಷ್ಟೆಲ್ಲ ಪ್ರತಾಪವುಳ್ಳ ಭಾವನ ಒಂದು ರಹಸ್ಯ ಊರಿಗೆಲ್ಲ ಗೊತ್ತಿತ್ತು. ಅವರಿಗೆ ಸದ್ದೆಂದರೆ ಆಗದು. ಭಯ ಎಂದರೆ ಕಡಿಮೆಯಾದೀತು, ಪ್ರಾಣಸಂಕಟ. ಕುಕ್ಕರು ಕೂಗುವ ಸೂಚನೆ ಕೊಟ್ಟೊಡನೆ ಮನೆ ಬಿಟ್ಟು ಗೇಟಿನ ಬಳಿ ನಿಲ್ಲುತ್ತಾರೆ, ನೆರೆಯವರು “ಏನು, ಅನ್ನ ಆಯ್ತಾ?” ಎಂದು ವಿಚಾರಿಸುತ್ತಾರೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಲೂನು ಕಟ್ಟಿದ್ದರೆಂದು ತಾರಸಿಯ ಮೇಲೆ ಕುಳಿತು ಅಲ್ಲಿಂದಲೇ ಆಶೀರ್ವಾದ ಮಾಡಿದವರು. ಅಂಥವರು ಶೂಟಿಂಗ್ ಕ್ಲಬ್ಬಿನಲ್ಲಿ! ಅವರ ಕೋಣೆಗೂ ಗುಂಡು ಹಾರಿಸುವ ಹಾಲಿಗೂ ನಡುವೆ ದಪ್ಪನೆಯ ಎರಡು ಬಾಗಿಲುಗಳು; ಬಾಗಿಲುಗಳ ನಡುವೆ ಇಬ್ಬರು ಒತ್ತಿ ನಿಲ್ಲಬಹುದಾದಷ್ಟು ಇಕ್ಕಟ್ಟು. ಅದನ್ನೆಲ್ಲ ದಾಟಿ ಬರುವಷ್ಟರಲ್ಲಿ ಗುಂಡಿನ ಶಬ್ದ ದೂರದಲ್ಲಿ ಯಾರೋ ಹಾಸಿಗೆ ಬಡಿದ ಹಾಗೆ ಕೇಳುತ್ತದೆ. ಆ ಹಾಸಿಗೆಗೂ ಹೆದರಿ ಭಾವ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಕೋಣೆ ಸಿಕ್ಕಿದಂದಿನಿಂದ ಆ ಮೊದಲನೆಯ ಬಾಗಿಲನ್ನು ಅವರು ಒಮ್ಮೆಯೂ ಮುಟ್ಟಿರಲಿಲ್ಲ.

ಹಾಗಾಗಿ ಭಾವ ಒಂದು ದಿನವೂ ಅಕ್ಕ ಗುಂಡು ಹಾರಿಸುವುದನ್ನು ನೋಡಿರಲಿಲ್ಲ.

ಅಕ್ಕನ ಎದೆಯಲ್ಲಿ ಇದೊಂದು ಮುಳ್ಳು. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಹಾಕಿ, ತೋಳು ನೀಡಿ ನಿಂತರೆ ಅವಳು ನನ್ನಕ್ಕನಲ್ಲ, ಬೇರೆ ಯಾರೋ. ಅಷ್ಟು ನಿಶ್ಚಲತೆ ಗ್ರಂಥಾಲಯದಲ್ಲೂ ಇರಲಿಲ್ಲ. ನೋಡಿದವರು ಹೊಗಳಿದರು, ನಾನೂ ಹೊಗಳಿದೆ. ನಾನು ಹೊಗಳಿದರೆ ಅವಳು, “ನಿಂದು ಬಿಡು, ನೀನು ಕ್ಯಾಂಟೀನ್ ಚಹಾನೂ ಹೊಗಳ್ತೀಯ” ಎಂದಳು. ಅವಳಿಗೆ ಬೇಕಾದ ಕಣ್ಣು ಬೇರೆ.

“ರೀ, ಒಂದೇ ಒಂದು ಸಲ ಬನ್ನಿ.”

“ಬಂದು ಏನು ನೋಡಲಿ? ಮನೆಗೆ ತರ್ತೀಯಲ್ಲ ಕಾಗದ, ಅದರಲ್ಲೇ ಕಾಣುತ್ತಲ್ಲ.”

ಅವಳು ತೂತು ಬಿದ್ದ ಗುರಿಹಾಳೆಗಳನ್ನು ತರುತ್ತಿದ್ದಳು. ಭಾವ ಅವನ್ನು ಕಿಟಕಿಯ ಬೆಳಕಿಗೆ ಎಕ್ಸ್‌ರೇಯಂತೆ ಹಿಡಿದು, ತೂತುಗಳ ಅಂಚನ್ನು ಸವರಿ, “ಎಡಗಡೆ ಸ್ವಲ್ಪ ಸಡಿಲ” ಎಂದು ತೀರ್ಪು ಕೊಡುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿ ಹೇಳಿದಳು: “ನೋಡೋ. ನಾಟಕಕ್ಕೆ ಬನ್ನಿ ಅಂದ್ರೆ, ಬೇಡ, ಹರಿದ ಟಿಕೆಟ್ ತೋರಿಸು ಸಾಕು ಅನ್ನೋ ಮನುಷ್ಯ.” ಭಾವ ನಕ್ಕರು. ಅವಳು ನಗಲಿಲ್ಲ. ಆಮೇಲೆ ಅವಳು ಕರೆಯುವುದನ್ನೇ ಬಿಟ್ಟಳು. ಕರೆಯುವುದನ್ನು ಬಿಟ್ಟ ಹೆಂಡತಿಯೆಂದರೆ ಕೂಗುವುದನ್ನು ನಿಲ್ಲಿಸಿದ ಕುಕ್ಕರಿನ ಹಾಗೆ; ತಿಳಿದವರು ಆಗಲೇ ಎಚ್ಚರವಾಗಬೇಕು. ಭಾವ ಆಗಲಿಲ್ಲ.

ಈಚಿನ ವಾರ್ಷಿಕ ಸ್ಪರ್ಧೆಯ ದಿನ ನಾನು ಹಾಲಿನೊಳಗೆ, ಗಾಜಿನ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಭಾವ ತಮ್ಮ ಕೋಣೆಯಲ್ಲಿ, ಜೇಡದ ಕೆಳಗೆ. ಸ್ಪರ್ಧೆಯಲ್ಲಿ ಅಕ್ಕ ಮುಂದಿದ್ದಳು. ಪಕ್ಕದ ಸಾಲಿನ ಕರ್ನಲ್ಲರ ಮೀಸೆ ಇಳಿದಿತ್ತು. ಕೊನೆಯ ಸುತ್ತಿಗೆ ಮುಂಚೆ ತುಸು ವಿರಾಮ. ಎಲ್ಲರೂ ಪಿಸ್ತೂಲು ಬರಿದು ಮಾಡಿ, ಮುಂದಿನ ಮೇಜಿನ ಮೇಲೆ ಬಾಯಿ ತೆರೆದಿಟ್ಟು ಬೆವರೊರೆಸಿಕೊಂಡರು. ಮತ್ತೆ ಸುತ್ತು ಆರಂಭವಾಗಿ ಒಬ್ಬೊಬ್ಬರಾಗಿ ಹಾರಿಸತೊಡಗಿದಾಗ ಅಕ್ಕ ಕೈ ಎತ್ತಿದಳು.

ಹಾಲಿನ ಉಸ್ತುವಾರಿಯ ರೇಂಜ್ ಆಫೀಸರಮ್ಮ ಬಂದರು. ಈಕೆ ನಕ್ಕದ್ದನ್ನು ಕಂಡವರು ಕ್ಲಬ್ಬಿನಲ್ಲಿಲ್ಲ.

“ಏನಾಯ್ತು?”

“ಕಡ್ಡಿ ಹೋಯ್ತು.”

“ಸ್ಪರ್ಧೆ ಮುಗಿಯೋ ತನಕ ಪಿಸ್ತೂಲು ಹಾಲ್ ಬಿಟ್ಟು ಹೊರಗೆ ಹೋಗೋ ಹಾಗಿಲ್ಲ. ನೀವೂ ಹೋಗೋ ಹಾಗಿಲ್ಲ. ರಿಪೇರಿ ಮಾಡೋರಿದ್ರೆ ಇಲ್ಲಿಗೇ ಕರೆಸಿ. ನಿಮ್ಮ ಸಮಯ ಓಡ್ತಾ ಇದೆ.”

ಅಕ್ಕ ಗಾಜಿನಾಚೆಯಿಂದ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಹೊಟ್ಟೆ ಹೊತ್ತುಕೊಂಡು ನಾನು ಓಡಿದೆ.

ಭಾವ ಸುದ್ದಿ ಕೇಳಿ ಮೊದಲು ಹತ್ತಿ ತೆಗೆದರು. ಇನ್ನೊಮ್ಮೆ ಹೇಳು ಎಂದರು. ಹೇಳಿದೆ.

“ಬಿದ್ದಿತಾ? ನನ್ನ ಕಡ್ಡಿ? ಸಾಧ್ಯವೇ ಇಲ್ಲ.”

“ಬಿದ್ದಿದೆ ಭಾವ. ನೀವೇ ಒಳಗೆ ಬರಬೇಕಂತೆ.”

“ಪಿಸ್ತೂಲು ಇಲ್ಲಿಗೆ ತಾ.”

“ತರೋ ಹಾಗಿಲ್ಲ.”

“ಅವಳನ್ನೇ ಬಾ ಅನ್ನು.”

“ಬರೋ ಹಾಗಿಲ್ಲ. ಸಮಯ ಓಡ್ತಾ ಇದೆ.”

ಆಗ ಭಾವನ ಮುಖದಲ್ಲಿ ಎರಡು ಮಹಾಶಕ್ತಿಗಳ ಸಮರ ನಡೆಯಿತು. ಒಂದು ಕಡೆ ಜೀವಭಯ. ಇನ್ನೊಂದು ಕಡೆ ಕಳಂಕ ತಗುಲಿದ ಕೀರ್ತಿ. ಕೀರ್ತಿ ಮೊದಲ ಸುತ್ತು ಗೆದ್ದಿತು. ಸ್ಪಿರಿಟ್ ದೀಪ, ಚಿಮುಟ, ಬ್ಲೇಡು ಜೇಬಿಗೆ ಸೇರಿದವು. ಕಿವಿಗೆ ಹತ್ತಿ, ಹತ್ತಿಯ ಮೇಲೆ ಕ್ಲಬ್ಬಿನ ದಪ್ಪ ಕಿವಿಗವಸು. ಮೊದಲನೆಯ ಬಾಗಿಲನ್ನು ಅವರೇ ನೂಕಿದರು. ನಾವಿಬ್ಬರೂ ನಡುವಿನ ಇಕ್ಕಟ್ಟಿನಲ್ಲಿ ನಿಂತೆವು. ಎರಡನೆಯ ಬಾಗಿಲಿಗೆ ಕೈ ಇಟ್ಟದ್ದೇ ತಡ, ಒಳಗೆ ಕರ್ನಲ್ ಹಾರಿಸಿದರು. ಇದು ಹಾಸಿಗೆ ಬಡಿದ ಸದ್ದಲ್ಲ. ಭಾವ ಬೆನ್ನನ್ನು ಗೋಡೆಗೆ ಒತ್ತಿ ನಿಂತುಬಿಟ್ಟರು. ಹಣೆಯಲ್ಲಿ ಬೆವರು, ಎಡ ಅಂಗೈ ಮಾತ್ರ ಎದೆಯ ಮುಂದೆ, ಹಚ್ಚದ ದೀಪಕ್ಕೆ ಮರೆಯಾಗಿ.

“ಆಗಲ್ಲ ಮಾರಾಯ. ಹೋಗಿ ಹೇಳು, ಆಗಲ್ಲ ಅಂತ.”

ಎರಡನೆಯ ಬಾಗಿಲಿನಲ್ಲಿ ತಟ್ಟೆಯಗಲದ ಗಾಜಿದೆ. ಅದರಲ್ಲಿ ಅಕ್ಕ ಕಾಣುತ್ತಿದ್ದಳು. ನಮಗೆ ಬೆನ್ನು ಹಾಕಿ, ಕೈ ಕಟ್ಟಿಕೊಂಡು ನಿಂತಿದ್ದಳು. ಮುಂದೆ ಮೇಜಿನ ಮೇಲೆ ಪಿಸ್ತೂಲು ಬಾಯಿ ತೆರೆದು ಬಿದ್ದಿತ್ತು. ಅವಳು ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು; ಭಾವ ತಲೆಯಾಡಿಸಿ, ಕೈಸನ್ನೆಯಲ್ಲೇ ಕ್ಷಮೆ ಕೇಳಿ ಹಿಂದಿರುಗುತ್ತಿದ್ದರು. ಅವಳು ತಿರುಗಲೇ ಇಲ್ಲ. ಆಗುವುದಿಲ್ಲ ಎಂದು ತಲೆಯಾಡಿಸಬೇಕಾದರೂ ಎದುರಿಗೆ ಒಂದು ಮುಖ ಬೇಡವೇ? ಭಾವ ಆ ಬೆನ್ನನ್ನು ನೋಡಿದರು. ಇನ್ನೂ ನೋಡಿದರು. ಆಮೇಲೆ ಚಳಿಗಾಲದ ಬೆಳಗಿನಲ್ಲಿ ತಣ್ಣೀರು ಸುರಿದುಕೊಳ್ಳುವವರ ಹಾಗೆ ಕಣ್ಣು ಮುಚ್ಚಿ ಬಾಗಿಲು ತಳ್ಳಿದರು.

ಮಹಾಜನಗಳೇ, ಆ ಪ್ರವೇಶವನ್ನು ನಾನು ನೋಡಿದ್ದೇನೆ. ಸುಟ್ಟ ತೋಳಿನ ಕೋಟು, ದೀಪಗಳ ಕೆಳಗೆ ಒಮ್ಮೆಲೇ ಹೊತ್ತಿಕೊಂಡ ಎದೆಯ ಚುಕ್ಕೆಗಳು, ಪ್ರತಿ ಸದ್ದಿಗೂ ಅರ್ಧ ಅಡಿ ಹಾರಿ ಅರ್ಧ ಹೆಜ್ಜೆ ಮುಂದೆ ಬೀಳುವ ನಡಿಗೆ. ಹಾಗೆ ಹಾರಿ ಹಾರಿಯೇ ಅವರು ಅಕ್ಕನ ಮೇಜು ತಲುಪಿದರು. ತಲುಪಿ, ಕೈ ಬೆನ್ನಿಗೆ ಕಟ್ಟಿ, ನಡುಗುವ ಗಲ್ಲವನ್ನು ಮೇಲಕ್ಕೆತ್ತಿ ಏನು ಹೇಳಿದರೆಂದು ಬಲ್ಲಿರಾ?

“ಆ ಅನ್ನಿಸು.”

“ಅಯ್ಯೋ ರೀ, ತೆರೆದೇ ಇದೆಯಲ್ರೀ!”

“ಸರಿಯಾಗಿ ಅನ್ನಿಸು.”

ಅಕ್ಕ ಅನ್ನಿಸಿದಳು. ಟಾರ್ಚು ಎಡಕ್ಕೆ, ಬಲಕ್ಕೆ ಹೋಯಿತು. ಆಫೀಸರಮ್ಮ ಗಡಿಯಾರ ನೋಡಿದರು. ದೀಪ ಹತ್ತಿತು.

ಮೊದಲ ಅಣಬೆ ದೇವರ ದಯದಿಂದ ಚೆನ್ನಾಗಿಯೇ ಎದ್ದಿತು. ಕರ್ನಲ್ ಆಗ ಗುಂಡು ತುಂಬುತ್ತಿದ್ದರು. ಕಡ್ಡಿ ಕೊರಕಲಿಗಿಳಿಯಿತು. ಎರಡನೆಯ ತುದಿಗೆ ಭಾವ ಉಸಿರು ಬಿಗಿಹಿಡಿದು, ಕಿರುಬೆರಳು ಊರಿ, ಜ್ವಾಲೆಯನ್ನು ಆ ಪ್ರಸಿದ್ಧ ಅಂತರಕ್ಕೆ ತಂದರು. ಅಳಿಯ ಅತ್ತೆಯನ್ನು ಕಂಡನೋ ಇಲ್ಲವೋ, ಪಕ್ಕದಲ್ಲಿ ಢಂ! ಕೈ ಹಾರಿತು. ಬೆಂಕಿ ಕಡ್ಡಿಯನ್ನು ನೆಕ್ಕಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಎದ್ದಿತು. ಅಣಬೆಯೇನೋ ಕಟ್ಟಿತ್ತು, ಸೊಟ್ಟಗೆ, ಮೆಣಸಿನ ಕಾಳಿನಷ್ಟು ಕಪ್ಪಗೆ. ಅದೂ ಹಿಂದಿನ ತುದಿ, ಕಣ್ಣಿಗೆ ಕಾಣುವ ತುದಿ.

ಭಾವ ಅದನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ.

“ಕಿತ್ತು ಇನ್ನೊಂದು ಹಾಕ್ತೀನಿ.”

“ಟೈಮಿಲ್ಲ, ಬಿಡಿ.”

“ಇದು ಬೆಳಗಲ್ಲ ಕಣೇ.”

“ಬೇಡ. ಇಲ್ಲೇ ನಿಂತ್ಕೊಳ್ಳಿ. ಹಿಂದೆ. ಆ ಗೆರೆ ದಾಟಬೇಡಿ.”

ಭಾವ ನಿಂತರು. ಅಕ್ಕ ಸೆರಗು ಬಿಗಿದು, ತೋಳು ನೀಡಿದಳು. ಹೊಳೆಯುವ ಚುಕ್ಕೆಯಿಲ್ಲದ ಕಪ್ಪು ದಿಣ್ಣೆಯ ಅಂಚನ್ನೇ ನಂಬಿ, ಉಸಿರನ್ನು ಅರ್ಧ ಬಿಟ್ಟು ಅರ್ಧ ಹಿಡಿದು ನಿಂತಳು. ಅವಳು ಉಸಿರು ಹಿಡಿಯುವ ರೀತಿ, ಕಿರುಬೆರಳ ಬಿಗಿ, ತುಟಿಯ ಮೂಲೆಯ ಸೆಳೆತ ಎಲ್ಲ ಜ್ವಾಲೆಯ ಮುಂದೆ ಕುಳಿತ ಭಾವನದೇ ಎಂಬುದು ನನಗೆ ಆಗ ಹೊಳೆಯಿತು. ಭಾವನಿಗೂ ಹೊಳೆದಿರಬೇಕು. ಪ್ರತಿ ಗುಂಡಿಗೂ ಅವರ ಮೈ ಹಾರುತ್ತಿತ್ತು. ಕಣ್ಣು ಮಾತ್ರ ಒಮ್ಮೆಯೂ ಮುಚ್ಚಲಿಲ್ಲ. ತಮ್ಮ ಹೆಂಡತಿಯನ್ನು ಅವರು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು.

ಫಲಕ ಕರ್ನಲ್ಲರ ಪಾಲಾಯಿತು, ಕೂದಲೆಳೆಯಲ್ಲಿ. ಅಕ್ಕ ಎಂದಿನಂತೆ ಎರಡನೆಯವಳು. ಆದರೆ ಅವಳ ಮುಖ ನೋಡಿದವರು ಫಲಕವನ್ನು ತಪ್ಪಿ ಬೇರೆಯವರಿಗೆ ಕೊಟ್ಟರೆಂದೇ ತಿಳಿಯುತ್ತಿದ್ದರು. ಪಿಸ್ತೂಲನ್ನು ಬರಿದು ಮಾಡಿ ಕೆಳಗಿಟ್ಟು, ಗಂಡನ ಕಿವಿಗವಸನ್ನು ತಾನೇ ತೆಗೆದು, ಹತ್ತಿಯನ್ನೂ ತೆಗೆದು ಕೇಳಿದಳು:

“ನೋಯ್ತಾ?”

ಭಾವ ಯೋಚಿಸಿದರು. “ಸ್ವಲ್ಪ” ಎಂದರು.

ಸಂಜೆ ಕ್ಯಾಂಟೀನಿನ ಮೂಲೆಯಲ್ಲಿ ಭಾವ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅಕ್ಕ ಆಚೆ ಗೆಳತಿಯರ ನಡುವೆ ಇರುವುದನ್ನು ಖಚಿತಪಡಿಸಿಕೊಂಡು, ಕೋಟಿನ ಜೇಬಿನಿಂದ ಏನನ್ನೋ ತೆಗೆದು ಅಂಗೈಯ ಬಟ್ಟಲಿನಲ್ಲಿ ತೋರಿಸಿದರು. ಉದುರಿದ ಹಳೆಯ ಕಡ್ಡಿ. ಅಕ್ಕನ ಮೇಜಿನ ಮೇಲೆ ಸಿಕ್ಕಿದ್ದಂತೆ. ಒಂದು ತುದಿಯಲ್ಲಿ ಅಣಬೆ ಹಾಗೆಯೇ ಇತ್ತು. ಇನ್ನೊಂದರಲ್ಲಿ ಇರಲಿಲ್ಲ.

“ನೋಡು. ತಾನಾಗಿ ಮುರಿದರೆ ಬಾಯಿ ತರಿತರಿಯಾಗಿ ಬೆಳ್ಳಗಾಗುತ್ತೆ. ಇದು ನುಣ್ಣಗಿದೆ. ಕತ್ತರಿಸಿದ್ದು. ನೇಲ್ ಕಟರ್.”

ಅಕ್ಕನ ಪರ್ಸಿನ ಬೀಗದ ಕೈ ಗೊಂಚಲಿನಲ್ಲಿ ನೇತಾಡುವ ನೇಲ್ ಕಟರ್ ನನ್ನ ಕಣ್ಣ ಮುಂದೆ ತೂಗಿತು. ಆ ವಿರಾಮ, ಎಲ್ಲರೂ ಬೆವರೊರೆಸಿಕೊಳ್ಳುತ್ತಿದ್ದ ಹೊತ್ತು.

“ಅಂದ್ರೆ ಭಾವ?”

“ಅಂದ್ರೆ,” ಎಂದು ಭಾವ ಬೆನ್ನು ನೆಟ್ಟಗೆ ಮಾಡಿಕೊಂಡರು, “ನನ್ನ ಕಡ್ಡಿ ಬಿದ್ದಿಲ್ಲ ಅಂತ.”

ಮುಂದೆ ಗೆಲುವು ಇಟ್ಟುಕೊಂಡಿದ್ದ ಹೆಂಗಸು ತನ್ನ ಕೈಯಾರೆ ತನ್ನ ದೀಪ ಕತ್ತರಿಸಿದ್ದಾಳೆ. ಈ ಮಹಾನುಭಾವರಿಗೆ ಮೊದಲು ಹೊಳೆದದ್ದು ತಮ್ಮ ಚರಿತ್ರೆಗೆ ಚ್ಯುತಿ ಬಂದಿಲ್ಲವೆಂಬುದು! ಅವರು ಚಹಾ ಮುಗಿಸಿ, ಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಒಳಜೇಬಿಗೆ ಇಟ್ಟುಕೊಂಡರು. ಎದೆಯ ಜೇಬಿಗಲ್ಲ, ಒಳಜೇಬಿಗೆ.

“ಅವಳನ್ನ ಕೇಳ್ತೀರಾ?”

“ಕೇಳಿದ್ರೆ ಹೌದು ಅಂತಾಳೆ. ಆಮೇಲೆ ನಾನು ಮುಖ ಎಲ್ಲಿಡಲಿ? ನೀನೂ ಬಾಯಿ ಬಿಡಬೇಡ.”

ಬಾಯಿ ಬಿಟ್ಟಿಲ್ಲ, ಬರೆದಿದ್ದೇನೆ, ಅಷ್ಟೇ. ಭಾವ ನಾನು ಬರೆದದ್ದನ್ನು ಓದುವುದಿಲ್ಲ. ಅಕ್ಕ ಎಲ್ಲವನ್ನೂ ಓದುತ್ತಾಳೆ, ಯಾವುದನ್ನೂ ಒಪ್ಪುವುದಿಲ್ಲ.

ಆ ಕಪ್ಪು ಕಡ್ಡಿ ಅವಳ ಪಿಸ್ತೂಲಿನಲ್ಲಿ ಇವತ್ತಿಗೂ ಇದೆ. ಕ್ಲಬ್ಬಿನ ಪಿಸ್ತೂಲುಗಳೆಲ್ಲ ಝಗಝಗಿಸುವಾಗ ಡಾಕ್ಟರ ಹೆಂಡತಿಯದೊಂದೇ ಹುಳುಕು ಹಲ್ಲಿನ ಹಾಗೆ ಕಪ್ಪಗೆ ಕೂತಿದೆ. ದೀಪದ ಬುಡದಲ್ಲಿ ಕತ್ತಲೆಂದು ಕರ್ನಲ್ ಮೀಸೆಯಡಿ ನಗುತ್ತಾರೆ. ಭಾವನಿಗೆ ಇದು ಸಹಿಸಲಾರದ ಅವಮಾನ. ವಾರಕ್ಕೊಮ್ಮೆ ಬೇಡಿಕೊಳ್ಳುತ್ತಾರೆ: “ಕೊಡೇ, ಕಿತ್ತುಹಾಕ್ತೀನಿ.” ಅಕ್ಕನದು ಒಂದೇ ಉತ್ತರ: “ನೋಯ್ತಾ ಇಲ್ಲವಲ್ಲ. ಇರಲಿ.” ಈಗ ಅವಳು ಕೊನೆಯ ಸುತ್ತಿಗೆ ನಿಂತಾಗಲೆಲ್ಲ ಎರಡನೆಯ ಬಾಗಿಲು ತೆರೆಯುತ್ತದೆ. ಹತ್ತಿ, ಕಿವಿಗವಸು, ಅದರ ಮೇಲೊಂದು ಮಫ್ಲರ್ ಸುತ್ತಿಕೊಂಡ ಆಕೃತಿಯೊಂದು ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ, ಪ್ರತಿ ಸದ್ದಿಗೂ ಹಾರುತ್ತದೆ, ನೋಡುತ್ತದೆ. ಆ ಕಡ್ಡಿ ಮತ್ತೆ ಎಂದು ಕೈಕೊಡುವುದೋ, ಹತ್ತಿರವಿರುವುದು ಲೇಸು ಎಂಬುದು ಭಾವ ಕೊಡುವ ಕಾರಣ.

ಲೋಕದಲ್ಲಿ ಇಂಥದೊಂದು ಜಾತಿಯ ಜನರಿದ್ದಾರೆ. ಬೇರೆಯವರ ಕಣ್ಣಿಗೆ ಚುಕ್ಕೆ ಹಚ್ಚಿಕೊಡುವುದರಲ್ಲೇ ಮುಳುಗಿ, ಆ ಚುಕ್ಕೆಯ ಈಚೆ ನಿಂತಿರುವವರು ಯಾರೆಂದು ತಲೆಯೆತ್ತಿ ನೋಡದವರು. ಕೆಟ್ಟವರಲ್ಲ, ಒಲವಿಲ್ಲದವರೂ ಅಲ್ಲ. ಅವರ ಒಲವು ಅಷ್ಟೂ ಬೆರಳ ತುದಿಗಿಳಿದು ಅಲ್ಲೇ ಅಣಬೆ ಕಟ್ಟಿಕೊಂಡಿರುತ್ತದೆ. ಅಂಥವರನ್ನು ಹಬ್ಬದೂಟಕ್ಕೆ ಕರೆಯಿರಿ, ಬರುವುದಿಲ್ಲ. ಕಣ್ಣೀರಿಟ್ಟು ಕರೆಯಿರಿ, ನಾಳೆ ಎನ್ನುತ್ತಾರೆ. ನೀವು ಮಾಡಿದ್ದು ಯಾಕೋ ಕೆಟ್ಟಿದೆ ಎಂದು ಒಂದು ಮಾತು ಹೇಳಿಕಳಿಸಿ. ಬೆಂಕಿ ಬಿದ್ದಿದ್ದರೂ, ಗುಂಡು ಹಾರುತ್ತಿದ್ದರೂ, ಬಾಗಿಲಿನ ಮೇಲೆ ಬಾಗಿಲು ನೂಕಿಕೊಂಡು ಬಂದೇ ಬರುತ್ತಾರೆ. ಆದ್ದರಿಂದ ಇಂಥವರನ್ನು ಕೈಹಿಡಿದ ತಾಯಂದಿರಿಗೆ ನನ್ನದೊಂದು ಕಿವಿಮಾತು: ಪರ್ಸಿನಲ್ಲಿ ಒಂದು ನೇಲ್ ಕಟರ್ ಇಟ್ಟುಕೊಂಡಿರಿ.